ಇಡ್ಲಿ ಮಾರುವವನ ಪಥ್ಯ

ನಿಮ್ಮ ಹತ್ತಿರ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ: ನಾನು ಅನ್ನ ಬಿಟ್ಟವನು. ಎಷ್ಟು ಸಲ ಬಿಟ್ಟೆ ಎಂದು ಮಾತ್ರ ಕೇಳಬೇಡಿ. ಸಿಗರೇಟು ಬಿಟ್ಟವರು, ಇಸ್ಪೀಟು ಬಿಟ್ಟವರು ಒಂದೇ ಸಲ ಬಿಟ್ಟು ಆ ಕಥೆಯನ್ನು ಉಳಿದ ಆಯುಸ್ಸೆಲ್ಲ ಹೇಳಿಕೊಂಡು ತಿರುಗುತ್ತಾರೆ. ನನಗೆ ಆ ಭಾಗ್ಯವಿಲ್ಲ. ಅದಕ್ಕೆ ನನ್ನ ಕಸುಬೂ ಒಂದು ಕಾರಣ. ಮುಂಬಯಿ ಹೊರಗಿನ ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿನ ಸೇತುವೆ ಇಳಿದು ಬಂದರೆ, ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಸಿಗುವ ಉಡುಪಿ ಹೋಟೆಲೊಂದಿದೆ, ಅದು ನಮ್ಮದು. ಅಪ್ಪ ಕಟ್ಟಿದ್ದು. ಈಗ ಗಲ್ಲಾದಲ್ಲಿ ಕೂರುವವನು ನಾನು. ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಏಳುವ ಹಬೆ ಬೇರೆ ಯಾರನ್ನೂ ಮಾತಾಡಿಸದೆ ನೇರ ಬಂದು ನನ್ನ ಕನ್ನಡಕದ ಮೇಲೆ ಕೂರುತ್ತದೆ. ಅದನ್ನು ಒರೆಸಿಕೊಂಡು ನಾನು ಹಿಂದಿನ ಸಾಮಾನು ಕೋಣೆಗೆ ಹೋಗುತ್ತೇನೆ. ಅಲ್ಲಿ ಅಕ್ಕಿ ಮೂಟೆಗಳ ಹಿಂದೆ ನಿಂತು, ಮನೆಯಿಂದ ಡಬ್ಬಿಯಲ್ಲಿ ತಂದ ಬೇಯಿಸಿದ ಮೊಟ್ಟೆಗಳನ್ನು ಯಾರಿಗೂ ಕಾಣದಂತೆ ತಿನ್ನುತ್ತೇನೆ. ಶುದ್ಧ ಸಸ್ಯಾಹಾರಿ ಎಂದು ಬೋರ್ಡು ಹಾಕಿಕೊಂಡ ಹೋಟೆಲಿನ ಮಾಲೀಕ ಇನ್ನೇನು ಮಾಡಲು ಸಾಧ್ಯ, ಹೇಳಿ.

ಚಪಲಕ್ಕೋ ಫ್ಯಾಶನ್ನಿಗೋ ಹಿಡಿದ ಪಥ್ಯವಲ್ಲ ಇದು. ನಾನು ಅನ್ನ ಬಿಡಹೊರಟ ವರ್ಷಗಳಲ್ಲಿ ಲೋ ಕಾರ್ಬ್ ಎಂಬ ಮಂತ್ರ ಎಲ್ಲರ ಮೊಬೈಲಿಗೂ ಬಂದಿಳಿದಿತ್ತು ನಿಜ. ಬೆಳಗಾದರೆ ವಾಟ್ಸಾಪಿನಲ್ಲಿ ಅಕ್ಕಿಗೆ ಶಾಪ, ತುಪ್ಪಕ್ಕೆ ಮಂಗಳಾರತಿ. ಅದನ್ನೆಲ್ಲ ನೋಡಿ ನಕ್ಕು ಬಿಟ್ಟವನೇ ನಾನು. ಆದರೆ ಒಂದು ದಿನ ಗಲ್ಲಾದಲ್ಲಿ ಕೂತಿದ್ದಾಗ ಎದುರಿನ ಗೋಡೆಯ ಮೇಲೆ ಕರಿಯ ನೂಲಿನ ಎಳೆಗಳು ತೇಲಿದಂತೆ ಕಂಡಿತು. ಜೇಡರ ಬಲೆ ಎಂದು ತಿಳಿದು ಹುಡುಗರಿಗೆ ಬೈದೆ. ಅವರು ಪೊರಕೆ ತಂದು ಗುಡಿಸಿದರು, ಬಲೆ ಹೋಗಲಿಲ್ಲ. ಬಲೆ ನನ್ನ ಕಣ್ಣಿನೊಳಗಿತ್ತು.

ಠಾಣೆಯ ಕಣ್ಣಿನ ಡಾಕ್ಟರಮ್ಮ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಹತ್ತಾರು ವರ್ಷಗಳ ಶುಗರು ಕಣ್ಣಿನ ಹಿಂದಿನ ಪರದೆಗೆ ತಾಗಿದೆ, ಅಲ್ಲಿ ರಕ್ತ ಜಿನುಗಿದೆ ಎಂದರು. ಇದೇ ಮಾತನ್ನು ಹಿಂದೊಮ್ಮೆ ಅಪ್ಪನ ಪಕ್ಕದಲ್ಲಿ ಕೂತು ಕೇಳಿದ್ದೆ. ಅಪ್ಪನಿಗೆ ಕೊನೆಯ ವರ್ಷಗಳಲ್ಲಿ ಏನೂ ಕಾಣುತ್ತಿರಲಿಲ್ಲ. ನನ್ನ ಮಗಳು ಹುಟ್ಟಿದಾಗ ಅವಳನ್ನು ಅವರ ಮಡಿಲಿಗೆ ಕೊಟ್ಟೆವು. ಅವರು ತೋರುಬೆರಳಿನಿಂದ ಮೆಲ್ಲಗೆ ಅವಳ ಹುಬ್ಬು, ಮೂಗು, ತುಟಿ ಎಲ್ಲ ಮುಟ್ಟಿ, "ಮೂಗು ನಮ್ಮದೇ" ಎಂದರು. ಬೆರಳಿಗೂ ಕಣ್ಣು ಬರುತ್ತದೆ ಎಂದು ನನಗೆ ಗೊತ್ತಾದದ್ದು ಅಂದು. ಆದರೂ ನನಗೆ ಆ ಕಣ್ಣು ಬೇಡ. ನನಗೆ ಮಗಳ ಮುಖವನ್ನು ಈ ಕಣ್ಣಿನಿಂದಲೇ ನೋಡಬೇಕು, ಅವಳ ಮದುವೆಯಲ್ಲಿ, ಅವಳ ಮಕ್ಕಳ ನಾಮಕರಣದಲ್ಲಿ.

"ಅಣ್ಣಾ, ಭಾತ್ ಬಂದ್," ಎಂದರು ಡಾಕ್ಟರಮ್ಮ, ಅನ್ನ ನಿಲ್ಲಿಸಿ ಎಂದು. ಔಷಧಿ, ಲೇಸರು ನಾನು ನೋಡಿಕೊಳ್ಳುತ್ತೇನೆ, ಬಾಯಿ ನೀವು ನೋಡಿಕೊಳ್ಳಿ ಎಂಬುದು ಅವರ ಮಾತಿನ ಸಾರ.

"ಭಾತ್ ಬಂದ್ ಮಾಡ್ತೇನೆ. ಇಡ್ಲಿ?" ಎಂದು ಕೇಳಿದೆ.

"ಇಡ್ಲಿ ಕಶಾಚಿ ಅಸತೇ, ಅಣ್ಣಾ?"

ಇಡ್ಲಿಯನ್ನು ಯಾವುದರಿಂದ ಮಾಡುತ್ತಾರೆ ಎಂದು ಒಬ್ಬರು ಮರಾಠಿ ಡಾಕ್ಟರು ಉಡುಪಿಯವನನ್ನು ಕೇಳಿ, ಉಡುಪಿಯವನು ಉತ್ತರ ಕೊಡದೆ ತಲೆ ತಗ್ಗಿಸಿ ಕೂತ ಘಟನೆ ಅದಕ್ಕೆ ಮೊದಲು ಎಲ್ಲೂ ನಡೆದಿರಲಾರದು.

ಬಿಡಬೇಕೆಂದು ಹೊರಟ ಮೇಲೆಯೇ ಅಕ್ಕಿ ಎಷ್ಟು ದೊಡ್ಡದು ಎಂದು ನನಗೆ ತಿಳಿದದ್ದು. ಅದುವರೆಗೆ ಅದು ಸಾಮಾನು ಕೋಣೆಯ ಮೂಟೆಯಾಗಿತ್ತು, ಅಷ್ಟೇ. ಈಗ ನೋಡಿದರೆ ಎಲ್ಲೆಲ್ಲೂ ಅದೇ! ನಮ್ಮ ಕರಾವಳಿಯವರ ಜೀವನವನ್ನು ಹಿಡಿದು ಅಲ್ಲಾಡಿಸಿದರೆ ಅಕ್ಕಿಯೇ ಉದುರುತ್ತದೆ. ಮಗುವಿನ ಬಾಯಿಗೆ ಮೊದಲು ಮುಟ್ಟಿಸುವುದು ಅನ್ನ. ಮದುಮಕ್ಕಳ ತಲೆಗೆ ಹಾಕುವ ಸೇಸೆ ಅಕ್ಕಿ. ಹೊಸ ಸೊಸೆ ಹೊಸ್ತಿಲಲ್ಲಿ ಒದ್ದು ಒಳಗೆ ಬರುವುದು ಸೇರಕ್ಕಿಯನ್ನು. ಕಡೆಗೆ ಹೆಣದ ಬಾಯಿಗೆ ಹಾಕುವುದೂ ಅದನ್ನೇ. ಬದುಕಿದ್ದರೆ ಅನ್ನದ ಋಣ ಇದೆ ಎನ್ನುತ್ತೇವೆ. ಸತ್ತರೆ ಋಣ ತೀರಿತು ಎನ್ನುತ್ತೇವೆ. ನೆಂಟರು ಎದುರಾದರೆ ನಮ್ಮ ತುಳುವಿನಲ್ಲಿ ಕೇಳುವ ಮೊದಲ ಪ್ರಶ್ನೆ "ವನಸ್ ಆಂಡಾ?", ಊಟವಾಯಿತೇ. ಅದರರ್ಥ ಅನ್ನ ಉಂಡೆಯಾ ಎಂದೇ. ರಾಜ್ಯಗಳು ಬಂದು ಹೋಗಿವೆ, ನಮ್ಮವರು ಊರು ಬಿಟ್ಟು ಬೊಂಬಾಯಿಗೆ ಬಂದಿದ್ದಾರೆ, ಹಡಗು ಹೋಗಿ ಬಸ್ಸು ಬಂದು ಬಸ್ಸಿನ ಬದಲು ರೈಲು ಬಂದಿದೆ. ಹುಲ್ಲಿನ ತುದಿಯಲ್ಲಿ ಬೆಳೆಯುವ ಈ ಸಣ್ಣ ಕಾಳು ಮಾತ್ರ ಕೂತಲ್ಲಿಂದ ಕದಲಿಲ್ಲ. ಇಂಥದ್ದನ್ನು ನಾನು ಬಿಡುತ್ತೇನೆ ಎಂದು ಹೊರಟಿದ್ದೆ. ನನ್ನ ಧೈರ್ಯಕ್ಕೆ ನನಗೇ ಬೆರಗಾಗುತ್ತದೆ.

ಮೊದಲ ವಾರ ತಲೆನೋವು, ಸಿಟ್ಟು. ಗಿರಾಕಿ ಚಿಲ್ಲರೆ ಇಲ್ಲ ಎಂದರೆ ಅವನು ನನ್ನ ವಂಶಕ್ಕೇ ದ್ರೋಹ ಬಗೆದಂತೆ ಕಾಣುತ್ತಿತ್ತು. ಎರಡನೆಯ ವಾರ ನನ್ನೊಳಗಿನ ವಕೀಲ ಎದ್ದು ಕೂತ. ಉದ್ದಿನ ವಡೆಯಲ್ಲಿ ಅಕ್ಕಿ ಎಲ್ಲಿದೆ, ಅದು ಬೇಳೆ ತಾನೆ ಎಂದು ವಾದಿಸಿದ. ವಡೆಗೆ ಜಾಮೀನು ಸಿಕ್ಕಿತು. ದೋಸೆಯಲ್ಲಿ ಉದ್ದು ಇಲ್ಲವೇ ಎಂದ. ಅರ್ಧ ದೋಸೆಗೆ ಸಿಕ್ಕಿತು. ಮಸಾಲೆ ದೋಸೆಯ ಆಲೂಗಡ್ಡೆ ತರಕಾರಿಯಲ್ಲವೇ ಎಂದು ಅವನು ಕೇಳುವ ಹೊತ್ತಿಗೆ ನ್ಯಾಯಾಧೀಶ ಕೈಯಲ್ಲಿ ದೋಸೆ ಹಿಡಿದುಕೊಂಡಿದ್ದ. ಶುಗರ್ ನೋಡುವ ಸಣ್ಣ ಯಂತ್ರವೊಂದು ಮನೆಯಲ್ಲಿದೆ. ಬೆರಳಿನ ಒಂದು ತೊಟ್ಟು ರಕ್ತದಲ್ಲಿ ಅದು ನನ್ನ ವಕೀಲನ ಎಲ್ಲ ವಾದವನ್ನೂ ವಜಾ ಮಾಡಿತು.

ಮತ್ತೆ ಹಿಡಿದೆ. ಈ ಬಾರಿ ಗಟ್ಟಿಯಾಗಿಯೇ ಹಿಡಿದಿದ್ದೆ. ಆಗ ನವಿ ಮುಂಬಯಿಯ ನೆರೂಳಿನಲ್ಲಿ ಹೆಂಡತಿಯ ಚಿಕ್ಕಪ್ಪನ ಮಗಳ ಮದುವೆ ಬಂತು. ಎಲೆಯ ಮುಂದೆ ಕೂತೆ. ಪಲ್ಯ, ಗಸಿ, ಕೋಸಂಬರಿ ಎಲ್ಲ ಹಾಕಿಸಿಕೊಂಡೆ; ಅನ್ನದವನು ಬಂದಾಗ ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದೆ. ಅವನು ಗಾಬರಿಯಿಂದ ನನ್ನ ಮುಖ ನೋಡಿ ಮುಂದೆ ಹೋದ. ನಾನು ಮರೆತದ್ದು ಏನೆಂದರೆ, ನಮ್ಮಲ್ಲಿ ಮದುವೆಯ ಚಪ್ಪರದಲ್ಲಿ ಅನ್ನ ಮುಟ್ಟದೆ ಏಳುವುದೆಂದರೆ ಮಾತು ಬಿಟ್ಟ ಹಾಗೆ. ಐದು ನಿಮಿಷದಲ್ಲಿ ಹುಡುಗಿಯ ಸೋದರಮಾವ ಪಂಚೆ ಎತ್ತಿಕೊಂಡು ಓಡಿ ಬಂದರು.

"ಎಂತ ಆಯ್ತು ಭಾವ? ನಮ್ಮಿಂದ ಎಂತಾದ್ರೂ ತಪ್ಪಾಗಿದ್ರೆ ಬಾಯಿ ಬಿಟ್ಟು ಹೇಳಿ ಮಾರಾಯ್ರೆ. ಹೀಗೆ ಎಲ್ಲರ ಎದುರು ಅನ್ನ ಬಿಟ್ರೆ ನಾವು ಮುಖ ಎಲ್ಲಿಡುದು?"

"ಶುಗರ್ ಉಂಟು ಭಾವ, ಅದಕ್ಕೆ," ಎಂದೆ.

"ಶುಗರ್ ಯಾರಿಗಿಲ್ಲ? ನಂಗೂ ಉಂಟು!" ಎಂದು ಅವರು ಎದೆ ತಟ್ಟಿಕೊಂಡು, ಅನ್ನದವನನ್ನು ಕರೆದು, ನನ್ನ ಪಕ್ಕದಲ್ಲೇ ಕೂತು ನನ್ನ ಮರ್ಯಾದೆಗಾಗಿ ತಾವೂ ಒಂದು ಎಲೆ ಹಾಕಿಸಿಕೊಂಡರು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಗಾದೆ ನಿಮಗೆ ಗೊತ್ತು. ಅಂದು ನನಗೆ ಎರಡೂ ಒಂದೇ ಎಲೆಯಲ್ಲಿ ಸಿಕ್ಕಿದವು. ಅನ್ನ ಉಂಡೆ, ಪಾಯಸ ಕುಡಿದೆ, ಎರಡು ಮನೆತನಗಳ ಸಂಬಂಧ ಉಳಿಸಿ ಬಂದೆ. ಇಷ್ಟಾಗಿ ನನಗೆ ಎಷ್ಟು ರುಚಿಯಾಗಿತ್ತು ಎಂದರೆ, ಅದನ್ನು ನನ್ನ ಮುಖದಲ್ಲೇ ಓದಿದ ಹೆಂಡತಿ ಸುಜಾತಾ ದಾರಿಯುದ್ದಕ್ಕೂ ನನ್ನತ್ತ ಬೆನ್ನು ಹಾಕಿ ಕೂತಳು.

ಆದರೆ ಒಂದು ಮಾತು ಹೇಳಬೇಕು. ನನ್ನ ಈ ಬೀಳು-ಏಳುಗಳ ನಡುವೆ ನನ್ನನ್ನು ನಿಜವಾಗಿ ದಂಗುಬಡಿಸಿದ್ದು ನನ್ನ ದೇಹ. ನಾನು ಅದಕ್ಕೆ ಮಾಡಿದ ಮೋಸಕ್ಕೆ ಬೇರೆ ಯಾರಾದರೂ ಆಗಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ. ಅದು ಹಾಗಲ್ಲ. ಪ್ರತಿ ಸಲ ನಾನು ನಾಚಿಕೆಯಿಂದ ಹಿಂದೆ ಬಂದು ಮತ್ತೆ ಹಸಿ ಸೌತೆಕಾಯಿಯಿಂದ ಶುರು ಮಾಡಿದಾಗ, ಹಳೆಯದನ್ನು ಎತ್ತಿ ಆಡದೆ, ಅಂದಿನಿಂದಲೇ ಕೆಲಸ ಶುರು ಮಾಡುತ್ತಿತ್ತು. ಕೆಲವು ತಿಂಗಳು ನೆಟ್ಟಗೆ ನಡೆದುಕೊಂಡ ಮೇಲೆ ಒಂದು ಬೆಳಿಗ್ಗೆ ಠಾಣೆಗೆ ಹೋಗಲು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ದೂರದ ಇಂಡಿಕೇಟರಿನ ಕೆಂಪು ಅಕ್ಷರಗಳನ್ನು ಪಕ್ಕದವರನ್ನು ಕೇಳದೆ ಓದಿದೆ. ಕಲ್ಯಾಣದಿಂದ ಬರುವ ಫಾಸ್ಟು ಲೋಕಲ್ಲು, ದಿವಾ ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ. ಅಷ್ಟೇ ಬರೆದದ್ದು. ಅದನ್ನು ಮತ್ತೆ ಮತ್ತೆ ಓದಿದೆ. ಅಷ್ಟು ಚೆಂದದ ವಾಕ್ಯವನ್ನು ನಾನು ಎಲ್ಲಿಯೂ ಓದಿಲ್ಲ ಎನಿಸಿತು. ಗುಂಪು ನನ್ನನ್ನು ತಳ್ಳಿಕೊಂಡು ರೈಲಿನ ಡಬ್ಬಿಗೆ ತುಂಬಿತು, ನಾನು ಒಳಗೆ ನಗುತ್ತಾ ನಿಂತಿದ್ದೆ.

ಇಷ್ಟೆಲ್ಲ ಗೆದ್ದರೂ ಗೆಲ್ಲಲಾಗದ ಒಂದು ಕೋಟೆ ಮನೆಯಲ್ಲೇ ಇತ್ತು. ಅಮ್ಮ. ಊರಿನಿಂದ ಬಸ್ಸಿನಲ್ಲಿ ತರಿಸಿದ ಕೆಂಪು ಕುಚ್ಚಲಕ್ಕಿಯನ್ನು ಅವಳು ಮಗುವನ್ನು ಮಲಗಿಸುವ ಹಾಗೆ ಡಬ್ಬಿಗೆ ಹಾಕುತ್ತಾಳೆ. ಐವತ್ತು ವರ್ಷ ಮೊದಲು ಅಪ್ಪನ ಜೊತೆ ಬೊಂಬಾಯಿಗೆ ಬಂದ ಅಮ್ಮನಿಗೆ ಹಿಂದಿ ತರಕಾರಿ ಮಾರ್ಕೆಟ್ಟಿಗೆ ಬೇಕಾದಷ್ಟೇ ಬರುತ್ತದೆ, ಮರಾಠಿ ಪಕ್ಕದ ಮನೆಯ ಹೆಂಗಸು ಕಾಕುವಿಗೆ ಬೇಕಾದಷ್ಟು. ಉಳಿದದ್ದನ್ನೆಲ್ಲ ಅವಳು ಹೇಳುವುದು ಅನ್ನದ ಕೈಲಿನಿಂದ, ಅಂದರೆ ಸೌಟಿನಿಂದ. ಮುನಿದಿದ್ದರೆ ಒಂದೇ ಕೈಲು ಬಡಿಸುತ್ತಾಳೆ. ಸಂತೋಷವಾಗಿದ್ದರೆ ಮೂರು. ನಾನು ಅನ್ನ ಬೇಡ ಎಂದ ಮೊದಲ ದಿನ ಅವಳು ನನ್ನನ್ನು ನೋಡಿದ ನೋಟ, ಮಗ ಸನ್ಯಾಸಿಯಾಗಲು ಹೊರಟರೆ ತಾಯಂದಿರು ನೋಡುವಂಥದ್ದು. (ಮನೆಯಲ್ಲಿ ನಾವಾಡುವುದು ತುಳು, ನಿಮಗಾಗಿ ಕನ್ನಡ ಮಾಡಿದ್ದೇನೆ.)

"ಅನ್ನ ಇಲ್ಲದ್ದು ಊಟ ಅಲ್ಲ ಮಗಾ, ಅದು ತಿಂಡಿ. ತಿಂಡಿ ತಿಂದು ಗಂಡಸು ದುಡಿಲಿಕ್ಕೆ ಆಗ್ತದಾ?"

ಮೀನು ಸಾರಿನ ಬಟ್ಟಲಿನ ತಳದಲ್ಲಿ ಅನ್ನ ಅಡಗಿಸಿ ಕೊಟ್ಟಳು. ಮೊಸರಿನಲ್ಲಿ ಕಲಸಿ ಕೊಟ್ಟು, ಅದು ಬರೀ ಮೊಸರೇ ಎಂದಳು. ಮಗಳು ಕಾಲೇಜಿನಿಂದ ಬಂದವಳು ಇದನ್ನು ಹಿಡಿದು, "ಅಜ್ಜೀ, ಪಪ್ಪಾ ಕೋ ರೈಸ್ ಮತ್ ದೋ ನಾ!" ಎಂದು ಅನ್ನ ಕೊಡದಂತೆ ಕೂಗಿದರೆ, ಅಮ್ಮ ಹಿಂದಿ ಬಾರದವಳ ಮುಖ ಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು. ನಾನು ಬೇಡ ಎನ್ನುತ್ತಿದ್ದದ್ದು ಅನ್ನವನ್ನು, ಅವಳಿಗೆ ಕೇಳಿಸುತ್ತಿದ್ದದ್ದು ಬೇರೆಯೇ.

ನನ್ನ ಅತಿ ದೊಡ್ಡ ಸೋಲು ಆದದ್ದು ಒಂದು ಆಟಿ ತಿಂಗಳಲ್ಲಿ. ಆಟಿ ಎಂದರೆ ನಮ್ಮ ಕಡೆ ಮಳೆಗಾಲದ ನಡುವಿನ ತಿಂಗಳು. ಆಗ ಸತ್ತ ಹಿರಿಯರಿಗೆ ಬಡಿಸುವ ಕ್ರಮವಿದೆ. ದೀಪ ಹಚ್ಚಿ, ಬಾಳೆಲೆ ಹಾಕಿ, ಬದುಕಿದ್ದಾಗ ಅವರಿಗೆ ಇಷ್ಟವಿದ್ದದ್ದನ್ನೆಲ್ಲ ಬಡಿಸುವುದು. ಆಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಲ್ಲುವುದು, ಅವರು ಸಂಕೋಚವಿಲ್ಲದೆ ಉಣ್ಣಲಿ ಎಂದು. ಬಳಿಕ ಒಳಗೆ ಹೋಗಿ, ನಮ್ಮ ಮನೆಯ ಕ್ರಮದಲ್ಲಿ, ಆ ಎಲೆಯದನ್ನು ಹಿರಿಯ ಮಗ ಉಣ್ಣಬೇಕು. ಅಗುಳು ಬಿಟ್ಟರೆ ಸತ್ತವರು ಹಸಿದು ಹೋದ ಲೆಕ್ಕ. ಅಪ್ಪನಿಗೆ ಕೊನೆಯ ವರ್ಷಗಳಲ್ಲಿ ಡಾಕ್ಟರು ಏನನ್ನೆಲ್ಲ ಬಿಡಿಸಿದ್ದರೋ ಅದನ್ನೆಲ್ಲ ಅಮ್ಮ ಅವರು ಸತ್ತ ಮೇಲೆ ಬಡ್ಡಿ ಸಹಿತ ಬಡಿಸುತ್ತಿದ್ದಳು. ಆ ವರ್ಷವೂ ಎಲೆಯ ನಡುವೆ ಅನ್ನದ ಗುಡ್ಡ, ಪಕ್ಕದಲ್ಲಿ ನೀರುದೋಸೆ, ಬೆಲ್ಲದ ಪಾಯಸ. ನಾನು ಕೂತೆ. ಅಪ್ಪ ಹಸಿದು ಹೋದರು ಎಂಬ ಲೆಕ್ಕವನ್ನು ಯಾವ ಮಗ ತಲೆಯ ಮೇಲೆ ಹಾಕಿಕೊಳ್ಳುತ್ತಾನೆ? ಗುಡ್ಡವನ್ನು ಪೂರ್ತಿ ಕರಗಿಸಿ ಎದ್ದೆ.

ಒಂದು ಊಟದಿಂದ ಕಣ್ಣು ಹೋಗುವುದಿಲ್ಲ. ಹೋದದ್ದು ನನ್ನ ಹಿಡಿತ. ಹೇಗೂ ಮುರಿಯಿತಲ್ಲ, ಇನ್ನು ಸೋಮವಾರದಿಂದ ಶುರು ಎಂದುಕೊಂಡೆ. ಸೋಮವಾರಗಳಿಗೆ ನಮ್ಮ ಲೋಕದಲ್ಲಿ ಬರವಿಲ್ಲ. ಗಣೇಶ ಚೌತಿಯ ಕಡುಬು ಬಂತು, ದಸರಾ ಬಂತು, ದೀಪಾವಳಿ ಬಂತು. ಅಷ್ಟರಲ್ಲಿ ಗೋಡೆಯ ಮೇಲೆ ಕರಿಯ ಎಳೆಗಳು ಮತ್ತೆ ತೇಲತೊಡಗಿದವು.

ಲೇಸರು ಮಾಡಿಸಲು ಠಾಣೆಗೆ ಹೋಗುವ ದಿನ ಸುಜಾತಾಳಿಗೆ ಜ್ವರ, ಮಗಳಿಗೆ ಪರೀಕ್ಷೆ. ಅಮ್ಮ ಸೀರೆ ಉಟ್ಟುಕೊಂಡು, "ನಾನು ಬರ್ತೇನೆ" ಎಂದು ನಿಂತಳು. ಹಿಂದೆ ಬರುವಾಗ ಕಣ್ಣಿಗೆ ಹಾಕಿದ ಔಷಧಿಯಿಂದ ಎಲ್ಲ ಮಂಜು, ಬಿಸಿಲು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಸ್ಟೇಷನ್ನಿನ ಸೇತುವೆಯ ಮೆಟ್ಟಿಲಿನಲ್ಲಿ ನಾನು ಕಾಲು ಮುಂದಿಟ್ಟು, ಮೆಟ್ಟಿಲು ಎಲ್ಲಿದೆ ಎಂದು ತಡವಿದೆ. ಅಮ್ಮ ನನ್ನ ಮೊಣಕೈ ಹಿಡಿದಳು. ಆ ಹಿಡಿತ ನನಗೆ ಹೊಸತು, ಅವಳಿಗೆ ಅಲ್ಲ. ಅಪ್ಪನನ್ನು ವರ್ಷಗಟ್ಟಲೆ ಅವಳು ಹಾಗೆಯೇ ಹಿಡಿದು ನಡೆಸಿದ್ದಳು. "ಇನ್ನೊಂದುಂಟು... ಇನ್ನೊಂದುಂಟು... ಮುಗೀತು," ಎಂದು ಪ್ರತಿ ಮೆಟ್ಟಿಲಿಗೂ ಹೇಳುತ್ತಾ ಇಳಿಸಿದಳು.

ನಾನು ಮತ್ತೆ ಸೌತೆಕಾಯಿಗೆ ಮರಳಿದೆ. ಸಾರಿನ ತಳದ ಅನ್ನ ಕಾಣೆಯಾಯಿತು; ಅದನ್ನು ನಾನು ಮಗಳ ಕಾವಲಿನ ಫಲ ಎಂದುಕೊಂಡೆ. ತಿಂಗಳುಗಳು ಕಳೆದು ಮಳೆಗಾಲ ಬಂತು, ಆಟಿ ಬಂತು. ನನಗೆ ಹೆದರಿಕೆ ಶುರುವಾಯಿತು. ಮದುವೆಯಲ್ಲಿ ಸೋದರಮಾವನಿಗೆ ಏನಾದರೂ ನೆವ ಹೇಳಬಹುದು. ಸತ್ತ ಅಪ್ಪನಿಗೆ ಏನು ನೆವ ಹೇಳುವುದು? ಬಡಿಸುವ ದಿನ ಅಮ್ಮ ಯಾರನ್ನೂ ಅಡುಗೆಮನೆಯ ಬಳಿಗೆ ಬಿಡಲಿಲ್ಲ. ಎಲೆಯನ್ನು ತಾನೇ ಹಾಕಿ, ತಾನೇ ಬಡಿಸಿ, ದೀಪ ಹಚ್ಚಿ, "ನಡೀರಿ ಹೊರಗೆ" ಎಂದಳು. ನಾಲ್ವರೂ ಹೊರಗೆ ಬಂದೆವು. ಹಿಂದಿನಿಂದ ಗಾಳಿ ಬೀಸಿ ಬಾಗಿಲು ಧಡಾರೆಂದು ಹಾಕಿಕೊಂಡಿತು.

ಲ್ಯಾಚಿನ ಬಾಗಿಲು. ಚಾವಿ ಒಳಗೆ.

ಊರಿನ ಮನೆಯಲ್ಲಾದರೆ ಅಂಗಳವಿರುತ್ತದೆ, ಬಾಗಿಲು ದೂಡಿದರೆ ತೆರೆಯುತ್ತದೆ. ಮೂರನೆಯ ಮಾಳಿಗೆಯ ಫ್ಲ್ಯಾಟಿನಲ್ಲಿ ಸತ್ತವರು ಒಳಗೆ ಆರಾಮವಾಗಿ ಉಣ್ಣುತ್ತಿದ್ದಾರೆ, ಬದುಕಿದವರು ಬರಿಗಾಲಿನಲ್ಲಿ ಹೊರಗೆ. ಪಕ್ಕದ ಮನೆಯ ಕಾಕು ಬಾಗಿಲು ತೆರೆದು ನಮ್ಮನ್ನು ನೋಡಿ, "ಕಾಯ್ ಝಾಲಂ? ಪೆಸ್ಟ್ ಕಂಟ್ರೋಲ್ ಕಾ?" ಎಂದರು, ಏನಾಯಿತು, ಜಿರಳೆಗೆ ಔಷಧಿ ಹೊಡೆಸುತ್ತಿದ್ದೀರಾ ಎಂದು. ನಾನು ಹೌದೆಂದು ತಲೆಯಾಡಿಸಿದೆ. ಮಗಳು ಚಾವಿಯವನನ್ನು ಕರೆತರಲು ಸ್ಟೇಷನ್ನಿಗೆ ಓಡಿದಳು. ಸುಜಾತಾಳಿಗೆ ದೀಪದ ಚಿಂತೆ. ನನಗೆ ಒಳಗೆ ಕಾದು ಕೂತಿರುವ ಗುಡ್ಡದ ಚಿಂತೆ. ಅಮ್ಮ ಮಾತ್ರ ಮೆಟ್ಟಿಲ ಮೇಲೆ ನೆಮ್ಮದಿಯಿಂದ ಕೂತಿದ್ದಳು. "ಉಣ್ಲಿ, ನಿಧಾನಕ್ಕೆ ಉಣ್ಲಿ. ಬದುಕಿದ್ದಾಗ ಗಲ್ಲಾ ಅಂತ ಓಡಿ ಓಡಿ ಉಂಡವರು," ಎಂದಳು.

ಚಾವಿಯವನು ಬಂದು ತಂತಿ ತಿರುಗಿಸಿ ಬಾಗಿಲು ತೆರೆದ. ದೀಪ ಸಣ್ಣಗೆ ಉರಿಯುತ್ತಿತ್ತು. ನಾನು ಎಲೆ ನೋಡಿ ಅಲ್ಲೇ ನಿಂತೆ.

ಕೋಳಿ ಸುಕ್ಕ ಇತ್ತು. ಮಳೆಗಾಲದಲ್ಲಿ ಹಸಿ ಮೀನಿಲ್ಲದ್ದಕ್ಕೆ ಒಣಮೀನಿನ ಚಟ್ನಿ ಇತ್ತು. ಹರಿವೆ ಸೊಪ್ಪಿನ ಪಲ್ಯ, ಹಾಗಲಕಾಯಿ, ಒಂದು ಲೋಟ ಮಜ್ಜಿಗೆ. ಪಾಯಸವಿಲ್ಲ, ನೀರುದೋಸೆಯಿಲ್ಲ. ನಡುವೆ, ವರ್ಷ ವರ್ಷ ಗುಡ್ಡ ಏಳುತ್ತಿದ್ದ ಜಾಗದಲ್ಲಿ, ನಿಂಬೆಹಣ್ಣಿನಷ್ಟು ಅನ್ನ.

"ಅತ್ತೆ, ಮಾವನಿಗೆ ಇಷ್ಟೇನಾ?" ಎಂದಳು ಸುಜಾತಾ, ಮೆಲ್ಲಗೆ.

"ಅವರಿಗೆ ಶುಗರ್ ಇದ್ದದ್ದು ನಿಮಗೆಲ್ಲ ಮರ್ತುಹೋಯ್ತಾ?" ಎಂದಳು ಅಮ್ಮ. ದನಿ ಗಡುಸಾಗಿತ್ತು, ಕಣ್ಣು ಎಲೆಯ ಮೇಲಿತ್ತು. "ಬೇಡ ಬೇಡ ಅಂದ್ರೂ ಬಡಿಸಿದವಳು ನಾನೇ. ಪಾಪ, ಅಲ್ಲಿಯಾದ್ರೂ ಅವರಿಗೆ ಕಣ್ಣು ಕಾಣ್ಲಿ." ಆಮೇಲೆ ನನ್ನ ಕಡೆ ತಿರುಗಿ, "ನೀನು ಕೂತ್ಕೊ," ಎಂದಳು.

ನಾನು ಕೂತೆ. ಸತ್ತವರ ಎಲೆಯ ಕ್ರಮವನ್ನು ತಲೆತಲಾಂತರದಿಂದ ಯಾರೂ ಮುಟ್ಟಿದವರಿಲ್ಲ. ಅಂಥದ್ದರಲ್ಲಿ ಈ ಮುದುಕಿ ಯಾರನ್ನೂ ಕೇಳದೆ, ಯಾವ ಭಟ್ಟರಿಗೂ ಹೇಳದೆ, ಪರಲೋಕದಲ್ಲಿರುವ ಗಂಡನಿಗೇ ಪಥ್ಯ ಹಿಡಿಸಿದ್ದಳು. ಆ ನಿಂಬೆಹಣ್ಣಿನಷ್ಟು ಅನ್ನವನ್ನು ಒಂದೊಂದೇ ಅಗುಳಾಗಿ ಉಂಡೆ. ಅಕ್ಕಿಗೆ ಅಷ್ಟು ರುಚಿಯಿದೆಯೆಂದು, ಹುಟ್ಟಿನಿಂದ ತಿಂದರೂ, ನನಗೆ ಗೊತ್ತಿರಲಿಲ್ಲ.

ಅಮ್ಮ ಎದುರಿಗೆ ಕೂತು ನೋಡುತ್ತಿದ್ದಳು. ಅನ್ನದ ಪಾತ್ರೆ ಅವಳ ಪಕ್ಕದಲ್ಲೇ ಇತ್ತು. ನನ್ನ ಎಲೆ ಖಾಲಿಯಾದ ಕೂಡಲೇ ಅವಳ ಕೈ ತಾನಾಗಿ ಕೈಲಿನ ಕಡೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಹಿಂದೆ ಬಂದು ಮಡಿಲಿನಲ್ಲಿ ಕೂತಿತು. ಅನ್ನ ಬಿಡುವ ಕಷ್ಟವನ್ನು ನನ್ನಷ್ಟು ಬಲ್ಲವರಿಲ್ಲ ಎಂದು ನನಗೊಂದು ಜಂಬವಿತ್ತು. ಅದು ಅಂದು ಇಳಿಯಿತು.

"ಸಾಕಾ ಮಗಾ?" ಎಂದಳು.

"ಸಾಕಮ್ಮ," ಎಂದೆ.

ನಾನು ಹುಟ್ಟಿದ ಮೇಲೆ ಮೊದಲ ಸಲ, ಅಮ್ಮ ಆ ಮಾತನ್ನು ನಂಬಿದಳು.